ಅಜೆಲೇಯಿಕ್ ಆಸಿಡ್ 15% ಜೆಲ್: ಕೆಲಸ ಮಾಡುತ್ತದೆ, ಉರಿಸುತ್ತದೆ, ಆದರೆ ಮುಖದ ಎಲ್ಲ ಉರಿಯೂ ಅದರದ್ದಲ್ಲ

ಮೊದಲು ತೀರ್ಪು ಹೇಳಿಬಿಡೋಣ: ಇದು ಒಳ್ಳೆಯ ಔಷಧ. ಮೊಡವೆ, ಮೊಡವೆ ವಾಸಿಯಾದ ಮೇಲೆ ಉಳಿಯುವ ಕಪ್ಪು ಕಲೆ, ಮುಖ ಕೆಂಪೇರಿ ನಿಲ್ಲುವ ರೊಸೇಷಿಯಾ ಎಂಬ ಚರ್ಮದ ಕಾಯಿಲೆಯ ಕೆಂಪು ಗುಳ್ಳೆ, ಈ ಮೂರಕ್ಕೂ ಒಂದೇ ಟ್ಯೂಬ್ ಆಗಿಬರುವುದು ಅಪರೂಪ. ಗರ್ಭಿಣಿಯರಿಗೆ ಮೊಡವೆಗೆಂದು ವೈದ್ಯರು ಹೆಚ್ಚು ಯೋಚಿಸದೆ ಬರೆದುಕೊಡುವ ಕೆಲವೇ ಲೇಪನಗಳಲ್ಲಿ ಇದೂ ಒಂದು. ಹಚ್ಚಿದ್ದರಲ್ಲಿ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ, ಮೇಲಾಗಿ ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿ ಈ ಆಮ್ಲ ತಾನಾಗಿಯೇ ಇರುತ್ತದೆ. ಇಷ್ಟೆಲ್ಲ ಇದ್ದೂ ಅರ್ಧ ಟ್ಯೂಬ್ ಮುಗಿಯುವ ಮೊದಲೇ ಮೂಲೆಗೆ ಎಸೆಯುವವರು ಬಹಳ. ದೂರು ಒಂದೇ: ಮುಖ ಉರಿಯುತ್ತದೆ.

ದೂರು ಸುಳ್ಳಲ್ಲ. ರೊಸೇಷಿಯಾ ಇರುವವರ ಮೇಲೆ ನಡೆದ ಪರೀಕ್ಷೆಗಳಲ್ಲಿ ಸುಮಾರು 29% ಜನರಿಗೆ ಉರಿ, ಚುಚ್ಚಿದಂತಾಗುವುದು ಅಥವಾ ಜುಮುಜುಮು ಕಾಣಿಸಿಕೊಂಡಿತ್ತು. ಆದರೆ ಜೆಲ್ ಶುರುಮಾಡಿದ ಮೇಲೆ ಮುಖದಲ್ಲಿ ಏನೇ ಆದರೂ ಬೈಗುಳ ಜೆಲ್‌ಗೇ ಬೀಳುತ್ತದೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಸರ್ಪಸುತ್ತಿನ ಉರಿಯನ್ನು ‘ಜೆಲ್ ಇನ್ನೂ ಒಗ್ಗಿಲ್ಲ’ ಎಂದುಕೊಂಡು ಮೂರು ದಿನ ಕಾದರೆ ಚಿಕಿತ್ಸೆಯ ಸಮಯವೇ ಕೈತಪ್ಪುತ್ತದೆ. ಹಾಗಾಗಿ ಇಲ್ಲಿ ಜೆಲ್‌ನ ಗುಣಗಾನಕ್ಕಿಂತ ಅದರ ಉರಿಯ ಗುರುತು ಹೇಗೆ, ಆ ಗುರುತಿಗೆ ಹೊಂದದ ಉರಿ ಯಾವುದರದ್ದು ಎನ್ನುವುದಕ್ಕೇ ಹೆಚ್ಚು ಜಾಗ.

ಜೆಲ್‌ನ ಉರಿ ಹೀಗಿರುತ್ತದೆ

ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮೂಗಿನ ಪಕ್ಕದ ಮಡಿಕೆಯಲ್ಲಿ ಚುರುಚುರು ಶುರು. ಆಮೇಲೆ ಕೆನ್ನೆ, ತುಟಿಯ ಅಂಚು, ಗದ್ದ. ಹಣೆಗೆ ಸಾಮಾನ್ಯವಾಗಿ ಅಷ್ಟಾಗಿ ತಟ್ಟುವುದಿಲ್ಲ. ಕೆಲವರಿಗೆ ಉರಿಗಿಂತ ನವೆಯೇ ಮುಂದು, ಇರುವೆ ಹರಿದಾಡಿದ ಹಾಗೆ. ಬಹುತೇಕರಿಗೆ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಚರ್ಮ ಒಗ್ಗಿಕೊಂಡು ಗಮನಕ್ಕೆ ಬಾರದಷ್ಟಾಗುತ್ತದೆ.

ಅಂದರೆ ಗುರುತು ಹಿಡಿಯುವುದು ಸುಲಭ: ಹಚ್ಚಿದಲ್ಲೇ ಉರಿಯಬೇಕು, ಹಚ್ಚಿದಾಗಲೇ ಉರಿಯಬೇಕು, ಎರಡೂ ಕೆನ್ನೆಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರಬೇಕು, ವಾರದಿಂದ ವಾರಕ್ಕೆ ತಗ್ಗಬೇಕು. ಇದರಲ್ಲಿ ಒಂದು ತಪ್ಪಿದರೂ ಬೇರೆ ಕಾರಣ ಹುಡುಕಲು ಶುರುಮಾಡಿ.

ಮೂಗಿನ ಪಕ್ಕದ ಮಡಿಕೆಯೇ ಮೊದಲು ಉರಿಯುವುದು ಆಕಸ್ಮಿಕವಲ್ಲ. ಸೂಕ್ಷ್ಮ ಚರ್ಮ ಯಾರದ್ದು ಎಂದು ತಿಳಿಯಲು ಚರ್ಮವೈದ್ಯರು ಲ್ಯಾಕ್ಟಿಕ್ ಆಸಿಡ್ ದ್ರಾವಣ ಸವರಿ ನೋಡುವುದೂ ಅದೇ ಜಾಗದಲ್ಲಿ. ಅಲ್ಲಿ ಹಚ್ಚಿದ್ದು ಬೇಗ ಒಳಗಿಳಿಯುತ್ತದೆ, ಅಲ್ಲಿನ ನರತುದಿಗಳು ಬೇಗ ಕೆರಳುತ್ತವೆ. ನರತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೂ ಆಮ್ಲಕ್ಕೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಒಂದೇ ರೀತಿ ಓಗೊಡುತ್ತದೆ. ಚರ್ಮ ಏನೂ ಸುಟ್ಟಿರದಿದ್ದರೂ ಸುಟ್ಟ ಹಾಗೆ ಅನಿಸುವುದು ಇದರಿಂದ. ರೊಸೇಷಿಯಾ ಇರುವ ಚರ್ಮದಲ್ಲಿ ಈ ವ್ಯವಸ್ಥೆ ಮೊದಲೇ ಕೆರಳಿರುತ್ತದೆ, ಆದ್ದರಿಂದ ಮೊಡವೆಗೆ ಹಚ್ಚುವವರಿಗಿಂತ ರೊಸೇಷಿಯಾಕ್ಕೆ ಹಚ್ಚುವವರ ದೂರು ಜೋರು.

ಆಮ್ಲ ಒಂದೇ ಅಪರಾಧಿಯಲ್ಲ. ಜೆಲ್‌ನ ತಳದಲ್ಲಿರುವ, ಅಂದರೆ ಔಷಧವನ್ನು ಬೆರೆಸಿದ ಮೂಲ ಮಿಶ್ರಣದಲ್ಲಿರುವ, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಕೆಡದಂತೆ ಕಾಯುವ ಬೆಂಜೋಯಿಕ್ ಆಸಿಡ್ ಕೂಡ ಕೆಲವರ ಚರ್ಮವನ್ನು ಕೆರಳಿಸುತ್ತವೆ. ಪ್ರೊಪಿಲೀನ್ ಗ್ಲೈಕಾಲ್‌ಗೆ ನಿಜವಾದ ಅಲರ್ಜಿ ಇರುವವರೂ ಇದ್ದಾರೆ. ಒಂದು ಕಂಪನಿಯ ಜೆಲ್ ತಡೆಯದವರು ಎರಡನೆಯದಕ್ಕೆ ಕೈಹಾಕುವ ಮೊದಲು ಎರಡರ ಘಟಕ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಓದಲಿ. ತಳ ಒಂದೇ ಆಗಿದ್ದರೆ ಪೆಟ್ಟಿಗೆಯ ಬಣ್ಣ ಬದಲಾಯಿತು, ಅಷ್ಟೇ.

ಹಚ್ಚುವ ರೀತಿ

ಪೂರ್ತಿ ಮುಖಕ್ಕೆ ಒಂದು ಸಲಕ್ಕೆ ಅರ್ಧ ಗ್ರಾಂ ಸಾಕು, ಅಂದರೆ ಟ್ಯೂಬಿನಿಂದ ಹಿಂಡಿದ ಸುಮಾರು 2.5 ಸೆಂಟಿಮೀಟರ್ ಉದ್ದದ ಗೆರೆ. ದಿನಕ್ಕೆ ಎರಡು ಸಲದ ಲೆಕ್ಕದಲ್ಲಿ 30 ಗ್ರಾಂ ಟ್ಯೂಬ್ ಒಂದು ತಿಂಗಳು ಬರಬೇಕು. ಎರಡು ವಾರಕ್ಕೇ ಖಾಲಿಯಾದರೆ ದಪ್ಪಗೆ ಮೆತ್ತುತ್ತಿದ್ದೀರಿ ಎಂದರ್ಥ. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗುವುದಿಲ್ಲ, ಉರಿ ಮಾತ್ರ ಹೆಚ್ಚುತ್ತದೆ.

ಸೋಪಿಲ್ಲದ ಸೌಮ್ಯ ಕ್ಲೆನ್ಸರ್, ಉಗುರುಬೆಚ್ಚಗಿನ ನೀರು. ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಇನ್ನು ಮುಂದಿನ ಹೆಜ್ಜೆಯಲ್ಲೇ ಬಹಳ ಜನ ಎಡವುವುದು: ತೊಳೆದ ಮೇಲೆ 15ರಿಂದ 20 ನಿಮಿಷ ಸುಮ್ಮನಿರಬೇಕು. ಒದ್ದೆ ಚರ್ಮದಲ್ಲಿ ಜೆಲ್ ಹೆಚ್ಚು ಒಳಗಿಳಿಯುತ್ತದೆ, ಉರಿಯೂ ಅಷ್ಟೇ ಹೆಚ್ಚು. ಕೈಗೆ ಒಣಗಿದೆ ಎನಿಸಿದರೂ ಮೂಗಿನ ಮಡಿಕೆಯಲ್ಲಿ, ಮೂಗಿನ ಹೊಳ್ಳೆಯ ಅಂಚಿನಲ್ಲಿ ತೇವ ನಿಂತಿರುತ್ತದೆ. ಉರಿ ಎಂದು ಬರುವವರಲ್ಲಿ ಎಷ್ಟೋ ಮಂದಿಗೆ ಈ ಇಪ್ಪತ್ತು ನಿಮಿಷವೇ ಔಷಧ.

ಶುರುವಿನ ಎರಡು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಅದೂ ಅರ್ಧ ಅಳತೆ. ಮೂರನೇ ವಾರದಿಂದ ದಿನಾ ರಾತ್ರಿ. ತಡೆದರೆ ಐದನೇ ವಾರದಿಂದ ಬೆಳಿಗ್ಗೆಯೂ. ಚರ್ಮ ತೀರಾ ನಾಜೂಕಾಗಿದ್ದರೆ ಮೊದಲು ಮಾಯಿಶ್ಚರೈಸರ್ ಹಚ್ಚಿ, ಅದು ಇಂಗಿದ ಮೇಲೆ ಜೆಲ್. ಅದೂ ಆಗದಿದ್ದರೆ ಜೆಲ್ ಹಚ್ಚಿ ಅರ್ಧ ಗಂಟೆಗೆ ತೊಳೆದುಬಿಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಸಮಯ ಏರಿಸಿ. ಕಣ್ಣಿನ ಸುತ್ತಿನ ಮೂಳೆಯ ಒಳಗೆ, ತುಟಿಯ ಮೇಲೆ, ಮೂಗಿನ ಒಳಗೆ ಬೇಡ. ಹಚ್ಚಿದ ಮೇಲೆ ಕೈ ತೊಳೆಯಿರಿ. ಆ ಬೆರಳಿನಿಂದ ಕಣ್ಣುಜ್ಜಿ ಒದ್ದಾಡುವವರು ಕಡಿಮೆಯಿಲ್ಲ.

ಉರಿ ತಡೆಯದ ದಿನ ಏನು ಮಾಡಬೇಕು? ತಣ್ಣೀರಲ್ಲಿ ತೊಳೆದು, ತಂಪು ಬಟ್ಟೆಯನ್ನು ಐದರಿಂದ ಹತ್ತು ನಿಮಿಷ ಇಟ್ಟು, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಐಸ್ ನೇರವಾಗಿ ಬೇಡ. ಪರಿಮಳ ಹಾಕಿದ ಲೋಳೆಸರದ ಜೆಲ್ ಬೇಡ, ಅದರಲ್ಲಿ ಮದ್ಯಸಾರವಿದ್ದರೆ ಉರಿಯ ಮೇಲೆ ಉರಿ. ಯಾರದೋ ಡ್ರಾಯರ್‌ನಲ್ಲಿದ್ದ ಸ್ಟೆರಾಯ್ಡ್ ಕ್ರೀಮ್ ಅಂತೂ ಬೇಡವೇ ಬೇಡ. ಕಾರಣ ಕೆಳಗಿದೆ.

ಜೆಲ್ ಜೊತೆಗಿರುವ ಕಳ್ಳರು

ಮುಖಕ್ಕೆ ಒಂದೇ ಒಂದು ವಸ್ತು ಹಚ್ಚುವವರು ಈಗ ಯಾರಿದ್ದಾರೆ? ಗ್ಲೈಕಾಲಿಕ್ ಆಸಿಡ್ ಟೋನರ್, ವಿಟಮಿನ್ ಸಿ ಸೀರಮ್, ರಾತ್ರಿ ರೆಟಿನಾಯ್ಡ್, ಸ್ಯಾಲಿಸಿಲಿಕ್ ಫೇಸ್‌ವಾಶ್, ಬೆಂಜಾಯಿಲ್ ಪೆರಾಕ್ಸೈಡ್: ಪ್ರತಿಯೊಂದೂ ಚರ್ಮವನ್ನು ಒಂದಿಷ್ಟು ಕೆರಳಿಸಬಲ್ಲದು. ಇವುಗಳ ಮೇಲೆ ಜೆಲ್ ಬಿದ್ದಾಗ ಕೊನೆಗೆ ಬಂದವನ ಮೇಲೆ ಗೂಬೆ ಕೂರುತ್ತದೆ. ಒಣಚರ್ಮಕ್ಕೆಂದು ಕೊಟ್ಟ ಮಾಯಿಶ್ಚರೈಸರ್‌ನಲ್ಲೇ ಯೂರಿಯಾ ಅಥವಾ ಲ್ಯಾಕ್ಟಿಕ್ ಆಸಿಡ್ ಇದ್ದರೆ ಬಿರುಕುಬಿಟ್ಟ ಮುಖದಲ್ಲಿ ಅದೇ ಉರಿಯುತ್ತದೆ. ಗ್ಲಿಸರಿನ್, ಸೆರಮೈಡ್, ಪೆಟ್ರೋಲೇಟಮ್ ಇರುವ, ಸುಗಂಧವಿಲ್ಲದ ಸಪ್ಪೆ ಕ್ರೀಮ್ ಸಾಕು. ಸನ್‌ಸ್ಕ್ರೀನ್ ಕಣ್ಣಿನ ಸುತ್ತ ಉರಿಸಿದರೆ ಜಿಂಕ್ ಆಕ್ಸೈಡ್ ಇರುವುದಕ್ಕೆ ಬದಲಾಯಿಸಿ. ಕ್ಷೌರ, ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಆದ ದಿನ ಜೆಲ್‌ಗೆ ರಜೆ ಕೊಡಿ.

ಯಾರು ಕಳ್ಳ ಎಂದು ತಿಳಿಯಲು ಒಂದು ವಾರ ಎಲ್ಲವನ್ನೂ ನಿಲ್ಲಿಸಿ, ಸೌಮ್ಯ ಕ್ಲೆನ್ಸರ್ ಮತ್ತು ಪೆಟ್ರೋಲಿಯಂ ಜೆಲ್ಲಿ ಮಾತ್ರ ಇಟ್ಟುಕೊಳ್ಳಿ. (ಸ್ಟೆರಾಯ್ಡ್ ಕ್ರೀಮ್ ಹಚ್ಚುತ್ತಿರುವವರು ಮಾತ್ರ ಹೀಗೆ ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ವೈದ್ಯರನ್ನು ಕೇಳಿ.) ಉರಿ ನಿಂತಿತೇ? ಆಮೇಲೆ ಒಂದೊಂದನ್ನೇ ವಾರದ ಅಂತರದಲ್ಲಿ ಒಳಗೆ ಬಿಡಿ. ಜೆಲ್‌ನ ಸರದಿ ಬಂದಾಗ ಬಲ ಕೆನ್ನೆಗೆ ಮಾತ್ರ ಹಚ್ಚಿ. ಬಲಗಡೆಗೆ ಹಚ್ಚಿದರೂ ಎಡಗಡೆಯೇ ಉರಿಯುತ್ತಿದ್ದರೆ, ಅಥವಾ ವಾರವಿಡೀ ಏನೂ ಹಚ್ಚದಿದ್ದರೂ ಉರಿ ಹಾಗೇ ಇದ್ದರೆ, ಜೆಲ್‌ಗೆ ಕ್ಲೀನ್‌ಚಿಟ್ ಕೊಟ್ಟು ಮುಂದೆ ಓದಿ.

ಅಲರ್ಜಿಯ ನಡೆ ಬೇರೆ. ಹಚ್ಚಿದ ತಕ್ಷಣ ಏನೂ ಇರುವುದಿಲ್ಲ, ಒಂದರಿಂದ ಮೂರು ದಿನ ಕಳೆದ ಮೇಲೆ ನವೆ, ಕೆಂಪು, ಊತ, ಕೆಲವೊಮ್ಮೆ ನೀರು ಜಿನುಗುವ ಸಣ್ಣ ಗುಳ್ಳೆ. ಹಚ್ಚಿದ ಗಡಿ ದಾಟಿ ಹರಡುತ್ತದೆ, ರೆಪ್ಪೆ ಮೊದಲು ಊದುತ್ತದೆ. ಕೂದಲಿನ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕದ ಅಲರ್ಜಿ ಹಣೆಯ ಅಂಚು, ಕಿವಿ, ರೆಪ್ಪೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಉಗುರಿನ ಬಣ್ಣದ ಅಲರ್ಜಿ ಉಗುರಿನ ಬಳಿ ಕಾಣದೆ ರೆಪ್ಪೆ, ಕತ್ತಿನಲ್ಲಿ ಮೂಡುವುದುಂಟು. ಕೈ ಎಲ್ಲೆಲ್ಲಿ ಮುಟ್ಟುತ್ತದೋ ಅಲ್ಲೆಲ್ಲ. ಇದನ್ನು ಊಹೆಯಿಂದ ಬಗೆಹರಿಸಲಾಗದು, ಪ್ಯಾಚ್ ಟೆಸ್ಟ್ ಬೇಕು: ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಗೆ ತೆಗೆದು, ಆಗೊಮ್ಮೆ, ಮತ್ತೆ 72ರಿಂದ 96 ಗಂಟೆಗೊಮ್ಮೆ ನೋಡುತ್ತಾರೆ.

ಇನ್ನು ಸ್ಟೆರಾಯ್ಡ್. ‘ಬೆಳ್ಳಗಾಗುವ ಕ್ರೀಮ್’ ಎಂದು ಕೈಯಿಂದ ಕೈಗೆ ದಾಟುವ ಟ್ಯೂಬುಗಳಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಇರುವುದು ಹೊಸ ಸುದ್ದಿಯಲ್ಲ. ಹಚ್ಚಿದಷ್ಟು ದಿನ ಮುಖ ನುಣುಪು. ತಿಂಗಳುಗಟ್ಟಲೆ ಹಚ್ಚಿ ನಿಲ್ಲಿಸಿದರೆ ಕೆಲವು ದಿನಗಳಿಂದ ವಾರಗಳೊಳಗೆ ಕೆಂಡದಂಥ ಉರಿ, ಕೆಂಪು, ಗುಳ್ಳೆ. ಮತ್ತೆ ಹಚ್ಚಿದರೆ ಶಮನ, ಹಾಗಾಗಿ ಬಿಡಲಾಗುವುದಿಲ್ಲ. ಇಂಥ ಮುಖಕ್ಕೆ ಅಜೆಲೇಯಿಕ್ ಜೆಲ್ ಹಚ್ಚಿದರೆ ಮೊದಲ ದಿನವೇ ತಡೆಯಲಾಗದು. ಮೊದಲು ಚರ್ಮವೈದ್ಯರ ಬಳಿ ಹೋಗಿ, ಹಚ್ಚುತ್ತಿದ್ದ ಟ್ಯೂಬನ್ನೂ ಒಯ್ಯಿರಿ. ಹೇಗೆ ಇಳಿಸಬೇಕು, ಬದಲಿಗೆ ಏನು ಎಂದು ಅವರು ತೀರ್ಮಾನಿಸುತ್ತಾರೆ. ಬದಲಿಗೆ ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು ಕೊಟ್ಟರೆ ಅದೂ ಮೊದಲ ಕೆಲವು ದಿನ ಉರಿಸುತ್ತದೆ ಎಂಬುದು ಗೊತ್ತಿರಲಿ.

ಮಾತ್ರೆಗಳನ್ನೂ ಮರೆಯಬೇಡಿ. ನಿಕೋಟಿನಿಕ್ ಆಸಿಡ್ (ವಿಟಮಿನ್ ಬಿ3ರ ಒಂದು ರೂಪ) ಮಾತ್ರೆ ನುಂಗಿದ ಅರ್ಧ ಗಂಟೆಯ ಆಸುಪಾಸು ಮುಖ, ಕತ್ತು ಕೆಂಪೇರಿ ಉರಿಯುತ್ತದೆ. ಅದೇ ಕುಟುಂಬದ ನಿಯಾಸಿನಮೈಡ್‌ಗೆ ಆ ಗುಣವಿಲ್ಲ. ಅಸೆಟಜೋಲಮೈಡ್, ಟೊಪಿರಮೇಟ್ ತೆಗೆದುಕೊಳ್ಳುವವರಿಗೆ ಬೆರಳ ತುದಿ, ಬಾಯಿಯ ಸುತ್ತ ಜುಮುಜುಮು ಬರುವುದು ಸಾಮಾನ್ಯ. ಮೊದಲನೆಯದು ಎತ್ತರದ ಪರ್ವತ ಏರುವವರೂ ನುಂಗುವ ಮಾತ್ರೆ, ಹಾಗಾಗಿ ಪ್ರವಾಸದ ಹೊತ್ತಿಗೆ ಶುರುವಾದ ಜುಮುಜುಮುವಿಗೆ ಹೊಸ ಸನ್‌ಸ್ಕ್ರೀನ್ ಅನ್ನು ಬೈಯುವ ಮೊದಲು ಮಾತ್ರೆಯ ಪಟ್ಟಿ ನೋಡಿ.

ಚರ್ಮದ್ದೇ ಅಲ್ಲದ ಉರಿ

ಮುಖದ ಸ್ಪರ್ಶಜ್ಞಾನ ಹೊರುವುದು ಟ್ರೈಜೆಮಿನಲ್ ನರ. ಎಡಕ್ಕೊಂದು, ಬಲಕ್ಕೊಂದು, ಪ್ರತಿಯೊಂದಕ್ಕೂ ಮೂರು ಕವಲು: ಹಣೆ ಮತ್ತು ಕಣ್ಣಿಗೆ, ಕೆನ್ನೆ ಮತ್ತು ಮೇಲ್ದವಡೆಗೆ, ಕೆಳದವಡೆ ಮತ್ತು ಗದ್ದಕ್ಕೆ. ಮುಖದ ನಡುಗೆರೆ ದಾಟದೆ ಒಂದೇ ಕಡೆ ನಿಂತ ಉರಿಗೆ ಈ ನಕ್ಷೆ ನೆನಪಿರಲಿ. ಯಾವ ಕ್ರೀಮೂ ಮೂಗಿನ ನಡುವೆ ಗೆರೆ ಎಳೆದು ಉರಿಸುವುದಿಲ್ಲ.

ಸರ್ಪಸುತ್ತು ಹೀಗೇ ಬರುತ್ತದೆ. ಗುಳ್ಳೆ ಏಳುವ ಒಂದರಿಂದ ಐದು ದಿನ ಮೊದಲು ಒಂದು ಕಡೆಯ ಹಣೆಯಲ್ಲೋ ಕೆನ್ನೆಯಲ್ಲೋ ಉರಿ, ಜುಮುಜುಮು, ಬಾಚಣಿಗೆ ತಗುಲಿದರೂ ನೋವು. ಆಮೇಲೆ ಗೊಂಚಲು ಗೊಂಚಲಾಗಿ ನೀರ್ಗುಳ್ಳೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ನಿರೋಧಕ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನ. ಸಾಮಾನ್ಯವಾಗಿ ಬರೆಯುವುದು ಎಸೈಕ್ಲೋವಿರ್ 800 ಮಿ.ಗ್ರಾಂ. ದಿನಕ್ಕೆ ಐದು ಸಲ, ಅಥವಾ ವಾಲಸೈಕ್ಲೋವಿರ್ 1000 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಏಳು ದಿನ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಬದಲಾಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಯಲ್ಲ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ತಗುಲಿರುವ ಸಂಭವ ಹೆಚ್ಚು. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಇದೇ ನರದ ನೋವಿನ ಕಾಯಿಲೆಯಾದ ಟ್ರೈಜೆಮಿನಲ್ ನ್ಯೂರಾಲ್ಜಿಯಾದಲ್ಲಿ ಉರಿಗಿಂತ ಕರೆಂಟ್ ಹೊಡೆದಂಥ ನೋವು, ಕೆಲವು ಸೆಕೆಂಡಿನಿಂದ ಎರಡು ನಿಮಿಷದವರೆಗೆ. ಹಲ್ಲುಜ್ಜಿದರೆ, ಅಗಿದರೆ, ಗಾಳಿ ಬೀಸಿದರೆ ಬರುತ್ತದೆ. ಮುಖಕ್ಕೆ ಜೆಲ್ ಸವರುವ ಬೆರಳೇ ಅದನ್ನು ಕೆಣಕಬಹುದು, ಆಗ ಜೆಲ್ ಹಚ್ಚಿದ್ದಕ್ಕೇ ಬಂತು ಎನಿಸುತ್ತದೆ. ಖಾಲಿ ಬೆರಳಲ್ಲಿ ಅದೇ ಜಾಗ ಸವರಿ ನೋಡಿ. ಹಾಗೂ ಬಂದರೆ ಅದು ನರತಜ್ಞರ ಕೆಲಸ, ಎಂಆರ್‌ಐ ಬೇಕಾಗುತ್ತದೆ. ಮೊದಲ ಔಷಧ ಸಾಮಾನ್ಯವಾಗಿ ಕಾರ್ಬಮಜೆಪಿನ್. ಏಷ್ಯಾ ಮೂಲದವರಿಗೆ ಅದಕ್ಕೆ ಮೊದಲು ಎಚ್‌ಎಲ್‌ಎ-ಬಿ*1502 ಎಂಬ ಜೀನ್ ಇದೆಯೇ ಎಂದು ನೋಡುವ ರಕ್ತಪರೀಕ್ಷೆ ಮಾಡಿಸಲು ಹೇಳುತ್ತಾರೆ, ಆ ಜೀನ್ ಇದ್ದವರಿಗೆ ಈ ಮಾತ್ರೆಯಿಂದ ಚರ್ಮವೇ ಸುಲಿಯುವಂಥ ಗಂಭೀರ ಪ್ರತಿಕ್ರಿಯೆಯ ಅಪಾಯವಿದೆ.

ಕೆಳದವಡೆಯ ಬುದ್ಧಿಹಲ್ಲು ಕೀಳಿಸಿದ ಮೇಲೆ ಕೆಳತುಟಿ, ಗದ್ದ ಜೋಮು ಹಿಡಿದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ದಂತವೈದ್ಯರಿಗೆ ಬೇಗ ತಿಳಿಸಿ. ಹಲ್ಲಿನ ಯಾವ ಕಾರಣವೂ ಇಲ್ಲದೆ ಗದ್ದ ಮರಗಟ್ಟಿದರೆ ಅಲಕ್ಷ್ಯ ಮಾಡಬೇಡಿ, ಕೆಲವೊಮ್ಮೆ ದೇಹದಲ್ಲೆಲ್ಲೋ ಅಡಗಿರುವ ಗಡ್ಡೆಯ ಸುಳಿವು ಅದು.

ಬಾಯಿಯ ಸುತ್ತ ಮತ್ತು ಎರಡೂ ಕೈಬೆರಳಲ್ಲಿ ಒಟ್ಟಿಗೆ ಜುಮುಜುಮು ಬಂದರೆ ಎರಡನ್ನು ಯೋಚಿಸಬೇಕು. ಗಾಬರಿಯಲ್ಲಿ ವೇಗವಾಗಿ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ರಕ್ತದಲ್ಲಿ ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗಿ ನರ ಕೆರಳುತ್ತದೆ. ಉಸಿರು ಹದಕ್ಕೆ ಬಂದರೆ ಅದೂ ಹೋಗುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯವನ್ನು ಈಗ ಹೇಳುವುದಿಲ್ಲ. ಇನ್ನೊಂದು, ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ನಿಜವಾಗಿಯೇ ಕ್ಯಾಲ್ಸಿಯಂ ಕುಸಿಯುವುದು. ಆಗ ಅದೇ ದಿನ ರಕ್ತಪರೀಕ್ಷೆ.

ವಿಟಮಿನ್ ಬಿ12 ಬಗ್ಗೆ ಒಂದು ಮಾತು, ಏಕೆಂದರೆ ಮುಖ ಜುಮ್ಮೆಂದರೆ ಅದರ ಮಾತ್ರೆ ಕೊಳ್ಳುವುದು ರೂಢಿಯಾಗಿದೆ. ಬಿ12 ಕೊರತೆಯ ಜೋಮು ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತದೆ. ಪಾದ ಚೆನ್ನಾಗಿದ್ದು ಮುಖ ಮಾತ್ರ ಉರಿಯುತ್ತಿದ್ದರೆ ಮಾತ್ರೆಗಿಂತ ಪರೀಕ್ಷೆ ಮೊದಲು.

ಮೈಗ್ರೇನ್‌ನ ಜುಮುಜುಮು ಮೆಲ್ಲಗೆ ನಡೆಯುತ್ತದೆ: ಬೆರಳಿಂದ ತೋಳಿಗೆ, ತುಟಿಗೆ, ನಾಲಿಗೆಗೆ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತಿನಲ್ಲಿ ಹರಡಿ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಪಾರ್ಶ್ವವಾಯು ಹಾಗಲ್ಲ, ತಟ್ಟನೆ ಬರುತ್ತದೆ. ಮುಖದ ಒಂದು ಬದಿ ಮರಗಟ್ಟಿ ಅಥವಾ ಜೋತುಬಿದ್ದು, ಕೈಯಲ್ಲಿ ಶಕ್ತಿಯಿಲ್ಲದೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಮೊದಲ ಸಲ ಬಂದದ್ದು ಮೈಗ್ರೇನೋ ಪಾರ್ಶ್ವವಾಯುವೋ ಎಂದು ಮನೆಯಲ್ಲಿ ಕೂತು ನಿರ್ಧರಿಸಬೇಡಿ. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೂ ಅಷ್ಟೇ ತುರ್ತು.

ಯಾವುದನ್ನು ಕೊಳ್ಳುವುದು

20% ಎಂದು ಬರೆದ ಕ್ರೀಮ್ 15% ಜೆಲ್‌ಗಿಂತ ಬಲವಾದದ್ದು ಎಂದುಕೊಂಡು ಕೊಳ್ಳಬೇಡಿ. ಅಜೆಲೇಯಿಕ್ ಆಸಿಡ್ ನೀರಿನಲ್ಲಿ ಸರಿಯಾಗಿ ಕರಗದ ವಸ್ತು. ಜೆಲ್‌ನ ತಳದಿಂದ ಅದು ಚರ್ಮಕ್ಕೆ ಕ್ರೀಮ್‌ಗಿಂತ ಚೆನ್ನಾಗಿ ಇಳಿಯುತ್ತದೆ, ಹಾಗಾಗಿ ಅಂಕಿ ಚಿಕ್ಕದಾದರೂ ಕೆಲಸ ಚಿಕ್ಕದಲ್ಲ. ಒಣಚರ್ಮದವರಿಗೆ ಕ್ರೀಮ್ ಹಿತ. 10% ಎಂದು ಸೌಂದರ್ಯವರ್ಧಕವಾಗಿ ಸಿಗುವವು ಹೊಸಬರಿಗೆ ಪರವಾಗಿಲ್ಲ, ಆದರೆ ಹಲವು ಉಸುಕುಸುಕಾಗಿರುತ್ತವೆ, ಸನ್‌ಸ್ಕ್ರೀನ್ ಹಚ್ಚಿದೊಡನೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತವೆ.

ರೊಸೇಷಿಯಾಕ್ಕೆ ಮೆಟ್ರೋನಿಡಜೋಲ್ 0.75% ಜೆಲ್ ಕಡಿಮೆ ಉರಿಸುತ್ತದೆ, ಗುಳ್ಳೆ ಇಳಿಸುವುದರಲ್ಲಿ ಅಜೆಲೇಯಿಕ್‌ಗಿಂತ ಒಂದು ಹೆಜ್ಜೆ ಹಿಂದೆ. ಐವರ್‌ಮೆಕ್ಟಿನ್ 1% ಕ್ರೀಮ್ ದಿನಕ್ಕೊಂದೇ ಸಲ, ಉರಿಯೂ ಕಡಿಮೆ. ತಡೆಯಲಾಗದವರು ಅದನ್ನು ವೈದ್ಯರ ಬಳಿ ಕೇಳಿ. ಗುಳ್ಳೆಯಿಲ್ಲದ ಬರೀ ಕೆಂಪು, ಎದ್ದು ಕಾಣುವ ಸಣ್ಣ ರಕ್ತನಾಳಗಳಿಗೆ ಈ ಜೆಲ್ ಹೆಚ್ಚೇನೂ ಮಾಡುವುದಿಲ್ಲ. ಅದಕ್ಕಾಗಿ ಉರಿ ಸಹಿಸುವುದು ದಂಡ.

ಮೊಡವೆ ಇಳಿಯಲು ಒಂದು ತಿಂಗಳಾದರೂ ಬೇಕು, ಕಲೆ ತಿಳಿಯಾಗಲು ಇನ್ನೂ ಹೆಚ್ಚು. ರೊಸೇಷಿಯಾದಲ್ಲಿ 12 ವಾರಕ್ಕೂ ಏನೂ ಕಾಣದಿದ್ದರೆ ವೈದ್ಯರಿಗೆ ತೋರಿಸಿ. ಕಪ್ಪು ಮೈಬಣ್ಣದವರು ಹಚ್ಚಿದ ಜಾಗ ಸುತ್ತಲಿಗಿಂತ ಬಿಳಿಚಿಕೊಳ್ಳುತ್ತಿದೆಯೇ ಎಂದು ಗಮನಿಸುತ್ತಿರಬೇಕು. ಅಪರೂಪ, ಆದರೆ ವರದಿಯಾಗಿದೆ. ಆಸ್ತಮಾ ಇರುವವರಲ್ಲಿ ಉಬ್ಬಸ ಹೆಚ್ಚಿದ್ದೂ ವರದಿಯಾಗಿದೆ, ಹಾಗಾದರೆ ನಿಲ್ಲಿಸಿ. ಮೊದಲ ಸಲ ಕೊಳ್ಳುವವರು 15 ಗ್ರಾಂ ಟ್ಯೂಬ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮೇಲೆ ಹೇಳಿದ ನಿಧಾನದ ಲೆಕ್ಕದಲ್ಲಿ ಅದು ಮೊದಲ ಒಂದು ತಿಂಗಳು ಸಲೀಸಾಗಿ ದಾಟುತ್ತದೆ, ಚರ್ಮ ಒಗ್ಗುತ್ತದೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗಿರುತ್ತದೆ.